ಚಲಿಸುವ ವಿಮಾನದ ಛಾಯಾಚಿತ್ರ: ಚರಿತ್ರೆಯ ಸಾಕ್ಷ್ಯವಾಗಿ ಒಂದು ವಿವೇಚನೆ

ವಿಮಾನಯಾನದ ಚರಿತ್ರೆಯನ್ನು ಬರೆಯಹೊರಟವರಿಗೆ ದೊರೆಯುವ ಆಧಾರಗಳು ಹಲವು ಬಗೆಯವು. ದಿನಚರಿಗಳು, ಪತ್ರಗಳು, ವೃತ್ತಪತ್ರಿಕೆಗಳ ವರದಿಗಳು, ನಕ್ಷೆಗಳು, ಉಳಿದುಬಂದ ಯಂತ್ರಗಳು ಇವೆಲ್ಲವೂ ಇತರ ಚರಿತ್ರೆಗಳಿಗೂ ಸಾಮಾನ್ಯವಾದ ಸಾಮಗ್ರಿಯೇ. ಆದರೆ ಈ ಚರಿತ್ರೆಗೆ ಹುಟ್ಟಿನಿಂದಲೇ ಒದಗಿಬಂದ ಮತ್ತೊಂದು ಆಧಾರವುಂಟು, ಅದು ಛಾಯಾಚಿತ್ರ. ಮನುಷ್ಯನು ಯಂತ್ರದ ಬಲದಿಂದ ನೆಲವನ್ನು ಬಿಟ್ಟು ಏಳುವ ಹೊತ್ತಿಗೆ ಅದನ್ನು ಹಿಡಿದಿಡಬಲ್ಲ ಕ್ಯಾಮರಾ ಆಗಲೇ ಸಿದ್ಧವಾಗಿತ್ತು. ಆದಕಾರಣ ‘ಯಾರು ಮೊದಲು ಹಾರಿದರು?’ ಎಂಬ ಪ್ರಶ್ನೆ ಎದ್ದಾಗಲೆಲ್ಲ ‘ಅದರ ಚಿತ್ರವೆಲ್ಲಿ?’ ಎಂಬ ಪ್ರಶ್ನೆಯೂ ಜೊತೆಯಲ್ಲಿಯೇ ಏಳುತ್ತ ಬಂದಿದೆ.

ಇಲ್ಲಿ ಒಂದು ತೊಡಕಿದೆ. ಹಾರಾಟವೆಂಬುದು ಚಲನೆ, ಛಾಯಾಚಿತ್ರವಾದರೋ ನಿಶ್ಚಲವಾದುದು. ನಿಂತ ಚಿತ್ರವು ಚಲನೆಗೆ ಸಾಕ್ಷಿಯಾಗುವುದು ಹೇಗೆ? ಅತ್ಯಂತ ಸ್ಫುಟವಾದ ಚಿತ್ರವೇ ಅತ್ಯಂತ ನಂಬತಕ್ಕ ಸಾಕ್ಷಿಯೆಂದು ಜನ ಸಾಮಾನ್ಯವಾಗಿ ಭಾವಿಸುತ್ತಾರೆ. ಈ ಭಾವನೆ ಸರಿಯಲ್ಲವೆಂದೂ, ದೋಷವೆಂದು ತೋರುವ ಮಸುಕಿನಲ್ಲಿಯೇ ಅನೇಕ ವೇಳೆ ಕಾಲದ ಗುರುತು ಅಡಗಿರುತ್ತದೆಂದೂ ತೋರಿಸುವುದು ಪ್ರಕೃತ ಲೇಖನದ ಉದ್ದೇಶ. ಇದಕ್ಕಾಗಿ ನಾವು ಕೆಲವು ಪ್ರಸಿದ್ಧ ಚಿತ್ರಗಳನ್ನು ಕಾಲಾನುಕ್ರಮವಾಗಿ ಪರಿಶೀಲಿಸುತ್ತೇವೆ.

೧. ಪೂರ್ವಪೀಠಿಕೆ

ವೇಗವಾಗಿ ಚಲಿಸುವ ವಸ್ತುವನ್ನು ಚಿತ್ರದಲ್ಲಿ ನಿಲ್ಲಿಸುವ ಪ್ರಯತ್ನ ವಿಮಾನಕ್ಕಿಂತ ಅರ್ಧ ಶತಮಾನ ಹಳೆಯದು. ೧೮೫೧ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಫಾಕ್ಸ್ ಟಾಲ್ಬಟ್ ಎಂಬ ವಿಜ್ಞಾನಿಯು ‘ದಿ ಟೈಮ್ಸ್’ ಪತ್ರಿಕೆಯ ಹಾಳೆಯೊಂದನ್ನು ಚಕ್ರಕ್ಕೆ ಅಂಟಿಸಿ, ಚಕ್ರವನ್ನು ರಭಸದಿಂದ ತಿರುಗಿಸಿ, ಕತ್ತಲೆಯಲ್ಲಿ ವಿದ್ಯುತ್ಕಿಡಿಯ ಬೆಳಕಿನಿಂದ ಅದರ ಚಿತ್ರವನ್ನು ತೆಗೆದನು. ೧೮೭೮ರಲ್ಲಿ ಮೈಬ್ರಿಜ್ ಎಂಬಾತನು ಕ್ಯಾಲಿಫೋರ್ನಿಯದಲ್ಲಿ ಸಾಲಾಗಿಟ್ಟ ಕ್ಯಾಮರಾಗಳಿಂದ ಓಡುವ ಕುದುರೆಯ ಹೆಜ್ಜೆಗಳನ್ನು ಹಿಡಿದನು. ೧೮೮೨ರಲ್ಲಿ ಫ್ರೆಂಚ್ ಶರೀರಶಾಸ್ತ್ರಜ್ಞ ಮಾರೆ ಎಂಬುವನು ಕೋವಿಯ ಆಕಾರದ ಕ್ಯಾಮರಾವೊಂದನ್ನು ರಚಿಸಿದನು. ಅದು ಸೆಕೆಂಡಿಗೆ ೧೨ ಚಿತ್ರಗಳನ್ನು ತೆಗೆಯುತ್ತಿತ್ತು. ಒಂದೊಂದು ಚಿತ್ರಕ್ಕೂ ಬೆಳಕು ಬೀಳುತ್ತಿದ್ದ ಕಾಲ ಸೆಕೆಂಡಿನ ೭೨೦ರಲ್ಲಿ ಒಂದು ಭಾಗ. ಆ ಕೋವಿಯನ್ನು ಮಾರೆಯು ಗುರಿಯಿಟ್ಟದ್ದು ಹಾರುವ ಹಕ್ಕಿಗಳಿಗೆ.

ಜರ್ಮನಿಯ ಓಟ್ಟೊಮಾರ್ ಆನ್‌ಷುಟ್ಸ್ ೧೮೮೪ರಲ್ಲಿ ಹಾರುವ ಕೊಕ್ಕರೆಗಳ ಚಿತ್ರಗಳನ್ನು ತೆಗೆದು ಖ್ಯಾತನಾದನು. ಗಾಜಿನ ಫಲಕದ ಮುಂದೆಯೇ ಸರಿದುಹೋಗುವ ಸೀಳುಪರದೆಯ ಶಟರನ್ನು ಬಳಕೆಗೆ ತಂದವರಲ್ಲಿ ಅವನು ಪ್ರಮುಖನು. ಮುಂದೆ ೧೮೯೦ರ ದಶಕದಲ್ಲಿ ಓಟ್ಟೊ ಲಿಲಿಯೆಂಥಾಲನು ಬೆಟ್ಟದ ಇಳಿಜಾರಿನಿಂದ ಗ್ಲೈಡರಿನಲ್ಲಿ ತೇಲಿಹೋಗುವ ಪ್ರಯೋಗಗಳನ್ನು ಮಾಡಿದಾಗ ಆನ್‌ಷುಟ್ಸ್ ಮೊದಲಾದವರು ಅವನ ಚಿತ್ರಗಳನ್ನು ತೆಗೆದರು. ಆ ಚಿತ್ರಗಳು ಅಮೆರಿಕದ ಮಾಸಪತ್ರಿಕೆಗಳವರೆಗೂ ಪ್ರಯಾಣ ಮಾಡಿದುವು. ೧೮೯೬ರ ಆಗಸ್ಟ್ ೧೦ರಂದು ಲಿಲಿಯೆಂಥಾಲನು ಹಾರಾಟದಲ್ಲಿ ಬಿದ್ದು ಪೆಟ್ಟಾಗಿ ಮರಣಹೊಂದಿದಾಗ ಆ ಸುದ್ದಿಯು ಓಹಾಯೊ ಸಂಸ್ಥಾನದ ಡೇಟನ್ನಿನಲ್ಲಿ ಬೈಸಿಕಲ್ ಅಂಗಡಿಯನ್ನು ನಡೆಸುತ್ತಿದ್ದ ರೈಟ್ ಸೋದರರ ಆಸಕ್ತಿಯನ್ನು ಕೆರಳಿಸಿತು. ಮನುಷ್ಯನು ಗಾಳಿಯಲ್ಲಿ ನಿಲ್ಲಬಲ್ಲನೆಂಬುದನ್ನು ಕಣ್ಣಾರೆ ಕಾಣದ ಲೋಕವು ಅದನ್ನು ನಂಬಿದ್ದು ಬಹುಮಟ್ಟಿಗೆ ಈ ಚಿತ್ರಗಳಿಂದಲೇ.

೨. ೧೯೦೩ರ ಫಲಕ

ರೈಟ್ ಸೋದರರು ಛಾಯಾಚಿತ್ರದ ಬೆಲೆಯನ್ನು ಚೆನ್ನಾಗಿ ಅರಿತಿದ್ದವರು. ೧೯೦೩ರ ಡಿಸೆಂಬರ್ ೧೭ರಂದು ಉತ್ತರ ಕರೊಲಿನದ ಕಿಲ್ ಡೆವಿಲ್ ಹಿಲ್ಸ್ ಎಂಬ ಮರಳುಗಾಡಿನಲ್ಲಿ ಯಂತ್ರವನ್ನು ಹಳಿಯ ಮೇಲೆ ನಿಲ್ಲಿಸಿದ ಮೇಲೆ ಆರ್ವಿಲ್ ರೈಟನು ತನ್ನ ಕ್ಯಾಮರಾವನ್ನು ಮುಕ್ಕಾಲಿಯ ಮೇಲೆ ನಿಲ್ಲಿಸಿ, ಯಂತ್ರವು ಎಲ್ಲಿ ನೆಲವನ್ನು ಬಿಡಬಹುದೆಂದು ಊಹಿಸಿದ್ದನೋ ಆ ಜಾಗಕ್ಕೆ ಗುರಿಯಿಟ್ಟನು. ಸಮೀಪದ ಜೀವರಕ್ಷಕ ಠಾಣೆಯಿಂದ ನೋಡಲು ಬಂದಿದ್ದ ಜಾನ್ ಡೇನಿಯಲ್ಸ್ ಎಂಬಾತನ ಕೈಗೆ ರಬ್ಬರಿನ ಬುರುಡೆಯನ್ನು ಕೊಟ್ಟು, ಯಂತ್ರ ಮೇಲೆದ್ದೊಡನೆ ಒತ್ತಬೇಕೆಂದು ತಿಳಿಸಿದನು. ಡೇನಿಯಲ್ಸನು ಛಾಯಾಗ್ರಾಹಕನಲ್ಲ. ೧೦ ಗಂಟೆ ೩೫ ನಿಮಿಷಕ್ಕೆ ಯಂತ್ರವು ಮೇಲೆದ್ದಿತು. ೧೨ ಸೆಕೆಂಡುಗಳಲ್ಲಿ ೧೨೦ ಅಡಿ ಹಾರಿ ಇಳಿಯಿತು. ಡೇನಿಯಲ್ಸನು ಬುರುಡೆಯನ್ನು ಸಕಾಲದಲ್ಲಿ ಒತ್ತಿದ್ದನೇ ಎಂಬುದು ಸೋದರರು ಡೇಟನ್ನಿಗೆ ಹಿಂದಿರುಗಿ ಫಲಕವನ್ನು ತೊಳೆದ ಮೇಲೆಯೇ ಗೊತ್ತಾದುದು. ಅದೇ ದಿನ ನಾಲ್ಕನೆಯ ಹಾರಾಟವಾದ ಮೇಲೆ ಬಿರುಗಾಳಿ ಯಂತ್ರವನ್ನು ಉರುಳಿಸಿ ಮುರಿದುಹಾಕಿತು. ಆದಕಾರಣ ಮೊದಲ ಹಾರಾಟದ ಚಿತ್ರವನ್ನು ಎರಡನೆಯ ಬಾರಿ ತೆಗೆಯುವ ಮಾತೇ ಇರಲಿಲ್ಲ.

ಈ ಚಿತ್ರದಲ್ಲಿ ಯಂತ್ರವು ನೆಲದಿಂದ ಮೇಲಿದೆ. ಆರ್ವಿಲ್ಲನು ಕೆಳರೆಕ್ಕೆಯ ಮೇಲೆ ಬೋರಲಾಗಿ ಮಲಗಿದ್ದಾನೆ. ಜೊತೆಯಲ್ಲಿ ಓಡಿಬಂದ ವಿಲ್ಬರನು ಬಲಗಡೆ ಈಗತಾನೇ ಕೈಬಿಟ್ಟು ನಿಂತಂತಿದ್ದಾನೆ. ಹಿಂದೆ ಹಳಿಯೂ, ರೆಕ್ಕೆಯನ್ನು ಆನಿಸಿದ್ದ ಅಡ್ಡೆಯೂ ಕಾಣುತ್ತವೆ. ಹಳಿ ಹಿಂದುಳಿದಿರುವುದರಿಂದ ಯಂತ್ರವು ಅದನ್ನು ದಾಟಿ ಬಂದಿದೆಯೆಂದು ನೋಡುಗನಿಗೆ ವಿದಿತವಾಗುತ್ತದೆ. ಸಾಕ್ಷ್ಯದ ದೃಷ್ಟಿಯಿಂದ ಈ ಹಳಿಯ ಮಹತ್ವ ಯಂತ್ರದ ಮಹತ್ವಕ್ಕೆ ಕಡಮೆಯಾದುದಲ್ಲ.

ಯಂತ್ರವು ಈ ಫಲಕದ ಮೇಲೆ ಇಷ್ಟು ಸ್ಪಷ್ಟವಾಗಿ ಮೂಡಲು ಒಂದು ಕಾರಣವನ್ನು ಇಲ್ಲಿ ವಿಚಾರಿಸಬೇಕು. ಅಂದು ಗಂಟೆಗೆ ೨೦ ಮೈಲಿಗೂ ಮಿಕ್ಕ ಗಾಳಿ ಎದುರಿನಿಂದ ಬೀಸುತ್ತಿತ್ತು. ಗಾಳಿಯನ್ನು ಸೀಳುವ ವೇಗ ಎಷ್ಟೇ ಇದ್ದರೂ ನೆಲದ ಮೇಲಣ ವೇಗ ೧೨ ಸೆಕೆಂಡಿಗೆ ೧೨೦ ಅಡಿ, ಎಂದರೆ ಸೆಕೆಂಡಿಗೆ ಸರಾಸರಿ ೧೦ ಅಡಿ ಮಾತ್ರ. ಮನುಷ್ಯನೊಬ್ಬನು ಜೊತೆಯಲ್ಲಿ ಓಡಬಹುದಾದಷ್ಟು. ಉದಾಹರಣೆಗಾಗಿ ಶಟರು ಸೆಕೆಂಡಿನ ೨೫ರಲ್ಲಿ ಒಂದು ಭಾಗ ತೆರೆದಿತ್ತೆಂದು ಇಟ್ಟುಕೊಂಡರೆ ಅಷ್ಟರಲ್ಲಿ ಯಂತ್ರವು ಸರಿಯುವುದು ಐದು ಅಂಗುಲಕ್ಕಿಂತ ಕಡಮೆ. ಗಾಳಿಯಿಲ್ಲದ ದಿನ ಅದೇ ಯಂತ್ರ ಗಂಟೆಗೆ ೩೦ ಮೈಲಿಯಂತೆ ಹೋಗಿದ್ದರೆ ಇಪ್ಪತ್ತೊಂದು ಅಂಗುಲ ಸರಿದು ಹೋಗುತ್ತಿತ್ತು. ಹಾರಾಟಕ್ಕೆ ನೆರವಾದ ಗಾಳಿಯೇ ಚಿತ್ರಕ್ಕೂ ನೆರವಾಯಿತೆಂದು ಹೇಳಿದರೆ ತಪ್ಪಾಗದು.

ಆದರೆ ಸಾಕ್ಷ್ಯವಿದ್ದರೆ ಸಾಲದು. ಅದು ಸಭೆಗೆ ಬರಬೇಕು. ತಮ್ಮ ಯಂತ್ರದ ಮರ್ಮ ಬಯಲಾಗದಿರಲೆಂದು ಸೋದರರು ಈ ಚಿತ್ರವನ್ನು ಬಹುಕಾಲ ಪ್ರಕಟಿಸಲಿಲ್ಲ. ಅದು ಅಚ್ಚಾದುದು ೧೯೦೮ರ ಸೆಪ್ಟೆಂಬರಿನ ‘ಸೆಂಚುರಿ’ ಮಾಸಪತ್ರಿಕೆಯಲ್ಲಿ. ಈ ನಡುವೆ ೧೯೦೬ರ ನವೆಂಬರ್ ೧೨ರಂದು ಪ್ಯಾರಿಸ್ಸಿನಲ್ಲಿ ಸಾಂಟೋಸ್ ಡ್ಯೂಮಾಂಟನು ಜನಸಮೂಹದ ಎದುರಿಗೆ ೨೨೦ ಮೀಟರು ಹಾರಿದನು. ಯೂರೋಪಿನ ಅನೇಕರು ಅವನನ್ನೇ ಮೊದಲಿಗನೆಂದು ಎಣಿಸಿದುದರಲ್ಲಿ ಆಶ್ಚರ್ಯವಿಲ್ಲ. ೧೯೧೩ರಲ್ಲಿ ಡೇಟನ್ನಿಗೆ ಮಹಾಪೂರ ಬಂದಾಗ ಸೋದರರ ಗಾಜಿನ ಫಲಕಗಳು ನೀರಿನಲ್ಲಿ ಮುಳುಗಿದುವು. ೧೯೦೩ರ ಫಲಕವು ಅಂಚಿನಲ್ಲಿ ಸ್ವಲ್ಪ ಕೆಟ್ಟು ಉಳಿದುಕೊಂಡಿತು. ಈಗ ಅದು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ಸಿನಲ್ಲಿದೆ.

೩. ಇಲ್ಲದ ಚಿತ್ರ, ಸುಳ್ಳಾದ ಚಿತ್ರ

ಚಿತ್ರವಿಲ್ಲದ ಹಾರಾಟದ ಗತಿ ಏನಾಗುವುದೆಂಬುದಕ್ಕೆ ಗುಸ್ಟಾವ್ ವೈಟ್‌ಹೆಡ್ಡನ ವಿವಾದ ಒಳ್ಳೆಯ ನಿದರ್ಶನ. ಜರ್ಮನಿಯಿಂದ ಬಂದು ಅಮೆರಿಕದಲ್ಲಿ ನೆಲಸಿದ ಈತನು ೧೯೦೧ರ ಆಗಸ್ಟಿನಲ್ಲಿಯೇ ಕನೆಟಿಕಟ್ ಸಂಸ್ಥಾನದಲ್ಲಿ ಹಾರಿದನೆಂದು ಸ್ಥಳೀಯ ಪತ್ರಿಕೆಯೊಂದು ವರದಿಮಾಡಿತ್ತು. ವರದಿಯ ಜೊತೆಗೆ ಅಚ್ಚಾಗಿದ್ದುದು ಕೈಯಿಂದ ಬರೆದ ಚಿತ್ರ; ಛಾಯಾಚಿತ್ರವಲ್ಲ. ೨೦೧೩ರಲ್ಲಿ ಸಂಶೋಧಕರೊಬ್ಬರು, ೧೯೦೬ರಲ್ಲಿ ನ್ಯೂಯಾರ್ಕಿನಲ್ಲಿ ನಡೆದ ವಸ್ತುಪ್ರದರ್ಶನವೊಂದರ ಛಾಯಾಚಿತ್ರದಲ್ಲಿ ಗೋಡೆಯ ಮೇಲೆ ಕಾಣುವ ಒಂದು ಪುಟ್ಟ ಚಿತ್ರವನ್ನು ಬಹಳವಾಗಿ ಹಿಗ್ಗಿಸಿ, ಅದು ಹಾರುತ್ತಿರುವ ವೈಟ್‌ಹೆಡ್ಡನ ಯಂತ್ರವೆಂದು ವಾದಿಸಿದರು. ವೈಟ್‌ಹೆಡ್ಡನ ಪಕ್ಷವು ಇದರಿಂದ ಬಲಗೊಂಡಿತು. ಅದೇ ವರ್ಷ ಕನೆಟಿಕಟ್ಟಿನ ಶಾಸನಸಭೆಯು ಅವನಿಗೆ ಮೊದಲ ಹಾರಾಟದ ಗೌರವವನ್ನು ಸಲ್ಲಿಸುವ ಕಾನೂನನ್ನೇ ಮಾಡಿತು. ಆದರೆ ಆ ಪುಟ್ಟ ಚಿತ್ರವನ್ನು ಮೂಲಗಳೊಂದಿಗೆ ತಾಳೆನೋಡಿದ ಮತ್ತೊಬ್ಬ ಸಂಶೋಧಕರು ಅದು ಕ್ಯಾಲಿಫೋರ್ನಿಯದ ಜಾನ್ ಮಾಂಟ್ಗೊಮೆರಿಯ ಗ್ಲೈಡರಿನ ಚಿತ್ರವೆಂದು ತೋರಿಸಿದರು. ಅದು ಹಾರುತ್ತಿದ್ದ ಗ್ಲೈಡರೂ ಅಲ್ಲ. ಪ್ರದರ್ಶನಕ್ಕಾಗಿ ಮೇಲೆ ತೂಗುಹಾಕಿದ್ದ ಗ್ಲೈಡರು!

ಇದಕ್ಕಿಂತ ಸ್ವಾರಸ್ಯವಾದುದು ೧೯೩೩ರಲ್ಲಿ ಪ್ರಕಟವಾದ ‘ಡೆತ್ ಇನ್ ದಿ ಏರ್’ ಎಂಬ ಪುಸ್ತಕದ ಕಥೆ. ಮೊದಲನೆಯ ಮಹಾಯುದ್ಧದಲ್ಲಿ ವಿಮಾನಗಳು ಒಂದಕ್ಕೊಂದು ಎದುರಾಗಿ ಹೋರಾಡುವ, ಉರಿದು ಬೀಳುವ ದೃಶ್ಯಗಳನ್ನು ಬ್ರಿಟಿಷ್ ವೈಮಾನಿಕನೊಬ್ಬನು ತನ್ನ ವಿಮಾನದಿಂದಲೇ ತೆಗೆದನೆಂದು ಹೇಳಿ ಅದರಲ್ಲಿ ಅಚ್ಚುಹಾಕಲಾಗಿತ್ತು. ಅರ್ಧ ಶತಮಾನದವರೆಗೆ ಈ ಚಿತ್ರಗಳನ್ನು ನಂಬಿದವರು ಅನೇಕರು. ವೆಸ್ಲಿ ಆರ್ಚರ್ ಎಂಬ ಅಮೆರಿಕನ್ನನು, ಆ ಯುದ್ಧದಲ್ಲಿ ಸ್ವತಃ ವೈಮಾನಿಕನಾಗಿದ್ದವನು, ಚಿಕ್ಕ ಮಾದರಿ ವಿಮಾನಗಳನ್ನು ಮಾಡಿ ಈ ದೃಶ್ಯಗಳನ್ನು ಸೃಷ್ಟಿಸಿದ್ದನೆಂಬುದು ೧೯೮೪ರಲ್ಲಿ ಸ್ಮಿತ್‌ಸೋನಿಯನ್ ವಸ್ತುಸಂಗ್ರಹಾಲಯಕ್ಕೆ ಬಂದ ಅವನ ಸಾಮಗ್ರಿಯಿಂದ ಬಯಲಾಯಿತು. ಒಂದು ವಿಮಾನವನ್ನು ನಡೆಸುತ್ತ, ಪ್ರಾಣಾಪಾಯದ ನಡುವೆ, ಕಂಪಿಸುವ ಯಂತ್ರಕ್ಕೆ ಕಟ್ಟಿದ ಕ್ಯಾಮರಾದಿಂದ ಇಷ್ಟು ಸಮೀಪದ, ಇಷ್ಟು ಸ್ಫುಟವಾದ, ಇಷ್ಟು ಚೆನ್ನಾಗಿ ಕೂಡಿಬಂದ ಚಿತ್ರಗಳು ಒಂದಾದಮೇಲೊಂದು ಸಿಕ್ಕುವುದು ಹೇಗೆ ಎಂಬ ಪ್ರಶ್ನೆಗೆ ಸಲ್ಲಬೇಕಾದಷ್ಟು ಬೆಲೆ ಬಹುಕಾಲ ಸಲ್ಲಲಿಲ್ಲ.

ಶಾಸನಗಳನ್ನು ಓದುವ ನಮ್ಮ ವಿದ್ವಾಂಸರಿಗೆ ಈ ತೊಡಕು ಹೊಸದಲ್ಲ. ಗಂಗರಾಜರ ಹೆಸರಿನಲ್ಲಿ ದೊರೆತ ತಾಮ್ರಪಟಗಳಲ್ಲಿ ಹಲವನ್ನು ಫ್ಲೀಟರು ಕೂಟಶಾಸನಗಳೆಂದು ತಳ್ಳಿಹಾಕಿದರು. ರೈಸರು ಅದನ್ನು ಒಪ್ಪಲಿಲ್ಲ. ಅಲ್ಲಿ ಲಿಪಿ, ತಿಥಿ, ಭಾಷೆಗಳನ್ನು ಒಂದಕ್ಕೊಂದು ತಾಳೆನೋಡಿ ನಿರ್ಣಯಕ್ಕೆ ಬರುವಂತೆ, ಇಲ್ಲಿಯೂ ಚಿತ್ರದ ಒಳಗಿನ ಲಕ್ಷಣಗಳನ್ನೇ ತಾಳೆನೋಡಬೇಕು. ಆ ಲಕ್ಷಣಗಳಲ್ಲಿ ಮುಖ್ಯವಾದುದು ಮಸುಕು.

೪. ಮಸುಕಿನ ಗಣಿತ

ಹೆಲಿಕಾಪ್ಟರಿನ ಉದಾಹರಣೆಯಿಂದ ಈ ವಿಷಯ ಸ್ಪಷ್ಟವಾಗುತ್ತದೆ. ೧೯೩೯ರ ಸೆಪ್ಟೆಂಬರ್ ೧೪ರಂದು ಈಗೋರ್ ಸಿಕೋರ್ಸ್ಕಿಯು ತನ್ನ ವಿಎಸ್-೩೦೦ ಎಂಬ ಯಂತ್ರವನ್ನು ಹಗ್ಗಗಳಿಂದ ಬಿಗಿದು ನೆಲದಿಂದ ಸ್ವಲ್ಪ ಮೇಲಕ್ಕೆ ಎಬ್ಬಿಸಿದನು. ಕಟ್ಟಿಲ್ಲದ ಹಾರಾಟ ೧೯೪೦ರ ಮೇ ೧೩ರಂದು ನಡೆಯಿತು. ವಿಮಾನವಾದರೆ ಮುಂದಕ್ಕೆ ಹೋಗಲೇಬೇಕು. ಹೆಲಿಕಾಪ್ಟರು ನಿಂತಲ್ಲಿಯೇ ನಿಲ್ಲಬಲ್ಲದು. ಹಾಗೆ ನಿಂತಾಗ ಅದರ ಹಾರಾಟವೆಲ್ಲವೂ ತಲೆಯ ಮೇಲೆ ತಿರುಗುವ ಅಲಗುಗಳಲ್ಲಿದೆ. ಕ್ಯಾಮರಾವು ಆ ಅಲಗುಗಳನ್ನು ಸಂಪೂರ್ಣವಾಗಿ ನಿಲ್ಲಿಸಿಬಿಟ್ಟರೆ ಉಳಿಯುವುದು ಆಕಾಶದಲ್ಲಿ ತೂಗುಹಾಕಿದ ಒಂದು ಬೊಂಬೆ. ಹಾರುವ ಯಂತ್ರಕ್ಕೂ ತೂಗುಹಾಕಿದ ಯಂತ್ರಕ್ಕೂ ಚಿತ್ರದಲ್ಲಿ ವ್ಯತ್ಯಾಸವನ್ನು ಹೇಳತಕ್ಕದ್ದು ಅಲಗಿನ ಮಸುಕು ಮಾತ್ರವೆಂದಾಗುತ್ತದೆ.

ಇದನ್ನು ಅಂಕೆಗಳಲ್ಲಿ ನೋಡೋಣ. ಅಲಗುಗಳು ನಿಮಿಷಕ್ಕೆ ೩೬೦ ಸುತ್ತು, ಎಂದರೆ ಸೆಕೆಂಡಿಗೆ ೬ ಸುತ್ತು ತಿರುಗುತ್ತಿವೆಯೆಂದು ಭಾವಿಸೋಣ. ಶಟರು ಸೆಕೆಂಡಿನ ಸಾವಿರದಲ್ಲಿ ಒಂದು ಭಾಗ ತೆರೆದಿದ್ದರೆ ಅಲಗು ತಿರುಗುವುದು ಸುಮಾರು ೨ ಡಿಗ್ರಿ. ೧೨೫ರಲ್ಲಿ ಒಂದು ಭಾಗವಾದರೆ ಸುಮಾರು ೧೭ ಡಿಗ್ರಿ. ೬೦ರಲ್ಲಿ ಒಂದು ಭಾಗವಾದರೆ ೩೬ ಡಿಗ್ರಿ. ಮೂರು ಅಲಗುಗಳ ಯಂತ್ರದಲ್ಲಿ ಅಲಗಿನಿಂದ ಅಲಗಿಗೆ ೧೨೦ ಡಿಗ್ರಿ ಅಂತರವಿರುವುದರಿಂದ, ೧೮ರಲ್ಲಿ ಒಂದು ಭಾಗ ತೆರೆದಿಟ್ಟಾಗ ಮಸುಕುಗಳೆಲ್ಲ ಕೂಡಿ ಪೂರ್ಣವಾದ ತಟ್ಟೆಯಂತೆ ಕಾಣುತ್ತವೆ. ಬೆಂಗಳೂರಿನ ಹಿಂದುಸ್ತಾನ್ ಏರೊನಾಟಿಕ್ಸ್ ಸಂಸ್ಥೆಯು ಫ್ರೆಂಚರ ಪರವಾನಗಿಯಿಂದ ೧೯೬೦ರ ದಶಕದಲ್ಲಿ ತಯಾರಿಸತೊಡಗಿದ ಚೇತಕ್ ಇಂಥ ಮೂರು ಅಲಗುಗಳ ಯಂತ್ರ. ಅದರ ಅಲಗುಚಕ್ರದ ವ್ಯಾಸ ೧೧ ಮೀಟರು. ಮೇಲಿನ ವೇಗದಲ್ಲಿ ಅಷ್ಟು ದೊಡ್ಡ ಚಕ್ರ ತಿರುಗಿದರೆ ಅಲಗಿನ ತುದಿಯು ಸೆಕೆಂಡಿಗೆ ಇನ್ನೂರು ಮೀಟರಿಗೂ ಮೀರಿ ಧಾವಿಸುತ್ತದೆ. ಸಾವಿರದಲ್ಲಿ ಒಂದು ಭಾಗದಲ್ಲಿಯೂ ಆ ತುದಿ ಒಂದು ಗೇಣಿನಷ್ಟು ಸರಿದಿರುತ್ತದೆ. ನೋಡುಗನ ಕಣ್ಣಿಗೆ ನಿಂತಂತೆ ಕಂಡ ಅಲಗಿನ ತುದಿಯನ್ನು ಹಿಗ್ಗಿಸಿ ನೋಡಿದರೆ ಆ ಗೇಣಿನ ಗುರುತು ಸಿಕ್ಕಬೇಕು. ಸಿಕ್ಕದಿದ್ದರೆ ಸಂದೇಹಕ್ಕೆ ಕಾರಣವುಂಟು.

ಈ ಲೆಕ್ಕವನ್ನು ತಿರುಗುಮುರುಗಾಗಿಯೂ ನಡೆಸಬಹುದು. ಮಸುಕಿನ ಕೋನವನ್ನು ಅಳೆದು, ಅಲಗಿನ ವೇಗವನ್ನು ತಿಳಿದಿದ್ದರೆ, ಶಟರು ತೆರೆದಿದ್ದ ಕಾಲವನ್ನು ಕಂಡುಹಿಡಿಯಬಹುದು. ಕಾಲವನ್ನು ತಿಳಿದಿದ್ದರೆ ವೇಗವನ್ನು ಕಂಡುಹಿಡಿಯಬಹುದು. ಹೀಗೆ ಮಸುಕು ಚಿತ್ರದೊಳಗೇ ಇರುವ ಒಂದು ಗಡಿಯಾರವಾಗುತ್ತದೆ. ಚಲನಚಿತ್ರದಲ್ಲಿಯಾದರೋ ಮೋಸವೂ ಇದೆ. ನಾಲ್ಕು ಅಲಗುಗಳ ಯಂತ್ರ ಸೆಕೆಂಡಿಗೆ ೬ ಸುತ್ತು ತಿರುಗಿದರೆ ಒಂದು ಜಾಗವನ್ನು ಸೆಕೆಂಡಿಗೆ ೨೪ ಅಲಗುಗಳು ದಾಟುತ್ತವೆ; ಚಲನಚಿತ್ರದ ಕ್ಯಾಮರಾವೂ ಸೆಕೆಂಡಿಗೆ ೨೪ ಚಿತ್ರಗಳನ್ನು ತೆಗೆಯುತ್ತಿದ್ದರೆ ಅಲಗುಗಳು ತಿರುಗದೆಯೇ ಯಂತ್ರ ಹಾರುವಂತೆ ತೋರುತ್ತದೆ.

ಸೀಳುಪರದೆಯ ಶಟರು ಇನ್ನೊಂದು ಬಗೆಯ ವಿಕಾರವನ್ನು ತಂದೊಡ್ಡುತ್ತದೆ. ಸೀಳು ಸರಿಯುತ್ತ ಹೋದಂತೆ ಚಿತ್ರದ ಒಂದು ಭಾಗ ಮೊದಲು, ಇನ್ನೊಂದು ಭಾಗ ಅನಂತರ ಮೂಡುತ್ತದೆ. ಫ್ರಾನ್ಸಿನ ಲಾರ್ಟಿಗ್ ಎಂಬ ತರುಣನು ತೆಗೆದ ಮೋಟಾರು ಪಂದ್ಯದ ಪ್ರಸಿದ್ಧ ಚಿತ್ರದಲ್ಲಿ ಚಕ್ರಗಳು ಅಂಡಾಕಾರವಾಗಿ ಮುಂದಕ್ಕೆ ಬಾಗಿವೆ, ಪ್ರೇಕ್ಷಕರು ಹಿಂದಕ್ಕೆ ಬಾಗಿದ್ದಾರೆ. ಕ್ಯಾಮರಾವನ್ನು ಬಂಡಿಯ ಜೊತೆಗೆ ತಿರುಗಿಸಿದರೂ ಬಂಡಿಯಷ್ಟು ವೇಗವಾಗಿ ತಿರುಗಿಸದ್ದರಿಂದ ಹೀಗಾಯಿತು. ೧೯೬೩ರಲ್ಲಿ ನ್ಯೂಯಾರ್ಕಿನ ಪ್ರದರ್ಶನದಿಂದ ಲಾರ್ಟಿಗನು ಲೋಕವಿಖ್ಯಾತನಾದನು. ವೇಗದ ರೂಪವೇ ಇದು ಎಂದು ಜನರು ಮೆಚ್ಚಿದರು. ಇಂದಿನ ಮೊಬೈಲ್ ಫೋನುಗಳ ಕ್ಯಾಮರಾ ಸಾಲುಸಾಲಾಗಿ ಚಿತ್ರವನ್ನು ಓದಿಕೊಳ್ಳುವುದರಿಂದ, ವಿಮಾನದ ಕಿಟಕಿಯಿಂದ ತೆಗೆದ ಚಿತ್ರಗಳಲ್ಲಿ ಪ್ರೊಪೆಲರಿನ ಅಲಗುಗಳು ಬಾಳೆಹಣ್ಣಿನಂತೆ ಬಾಗಿ, ಕೆಲವೊಮ್ಮೆ ಬುಡದಿಂದ ಬೇರ್ಪಟ್ಟು ತೇಲುತ್ತವೆ. ಇಂಥ ಚಿತ್ರವನ್ನು ಸುಳ್ಳೆನ್ನಲಾಗದು. ಅದು ಒಂದು ಕ್ಷಣದ ಚಿತ್ರವಲ್ಲ, ಹಲವು ಕ್ಷಣಗಳನ್ನು ಒಂದರ ಕೆಳಗೊಂದು ಜೋಡಿಸಿದ ಚಿತ್ರ ಎಂಬುದನ್ನು ಅರಿತು ಓದಬೇಕು, ಅಷ್ಟೆ.

೫. ಜೆಟ್ ವಿಮಾನಗಳ ಕಾಲ

ಜೆಟ್ ವಿಮಾನದಲ್ಲಿ ಹೊರಗೆ ಕಾಣುವಂತೆ ತಿರುಗುವ ಅಂಗವಿಲ್ಲ. ಅದನ್ನು ಎಷ್ಟು ಸ್ಫುಟವಾಗಿ ತೆಗೆದರೆ ಅಷ್ಟು ನಿಂತಂತೆ ಕಾಣುತ್ತದೆ. ಆದಕಾರಣ ಛಾಯಾಗ್ರಾಹಕರು ಕ್ಯಾಮರಾವನ್ನು ವಿಮಾನದ ಜೊತೆಗೇ ತಿರುಗಿಸಿ, ವಿಮಾನ ಸ್ಫುಟವಾಗಿಯೂ ಹಿನ್ನೆಲೆ ಗೆರೆಗೆರೆಯಾಗಿಯೂ ಮೂಡುವಂತೆ ಮಾಡುತ್ತಾರೆ. ಸೆಕೆಂಡಿಗೆ ೭೦ ಮೀಟರು ಹೋಗುವ ವಿಮಾನ ೨೦೦ ಮೀಟರು ದೂರದಲ್ಲಿ ಎದುರಿಗೆ ಹಾದುಹೋದರೆ ಕ್ಯಾಮರಾವನ್ನು ಸೆಕೆಂಡಿಗೆ ೨೦ ಡಿಗ್ರಿಯಂತೆ ಅಲುಗದೆ ತಿರುಗಿಸಬೇಕು. ಆ ಕೈವಾಡ ಅಭ್ಯಾಸದಿಂದಲೇ ಬರತಕ್ಕದ್ದು.

ಚಲನೆಗೆ ಗಾಳಿಯೇ ಸಾಕ್ಷಿ ನುಡಿಯುವ ಸಂದರ್ಭಗಳೂ ಉಂಟು. ೧೯೯೯ರ ಜುಲೈ ೭ರಂದು ಅಮೆರಿಕದ ನೌಕಾಪಡೆಯ ಜಾನ್ ಗೇ ಎಂಬುವರು ಹಾರ್ನೆಟ್ ವಿಮಾನವೊಂದು ಬಿಳಿಯ ಆವಿಯ ಶಂಕುವಿನ ನಡುವಿನಿಂದ ಹಾದುಬರುತ್ತಿರುವ ಚಿತ್ರವನ್ನು ತೆಗೆದರು. ಅದಕ್ಕೆ ಅಂತರರಾಷ್ಟ್ರೀಯ ಬಹುಮಾನವೂ ಬಂದಿತು. ‘ಶಬ್ದದ ಗೋಡೆಯನ್ನು ಒಡೆಯುವ ಕ್ಷಣ’ ಎಂಬ ಶೀರ್ಷಿಕೆಯೊಡನೆ ಅದು ಎಲ್ಲೆಡೆ ಪ್ರಚಾರವಾಯಿತು. ವಾಸ್ತವವಾಗಿ ತೇವವುಳ್ಳ ಗಾಳಿಯಲ್ಲಿ ಒತ್ತಡ ಇಳಿದಾಗ ಆವಿ ಹನಿಗಟ್ಟುವುದರಿಂದ ಅಂಥ ಮೋಡ ಉಂಟಾಗುತ್ತದೆ. ಶಬ್ದದ ವೇಗವನ್ನು ಮುಟ್ಟುವುದಕ್ಕೆ ಮೊದಲೇ ಅದು ಕಾಣಿಸಬಹುದು. ಇಲ್ಲಿ ಚಿತ್ರ ಸತ್ಯವಾದುದು. ತಪ್ಪಿದ್ದು ಅದರ ಕೆಳಗಿನ ಬರಹ. ಆಘಾತತರಂಗಗಳನ್ನು ನಿಜವಾಗಿ ಚಿತ್ರಿಸಿದ ಕೀರ್ತಿ, ೧೮೮೭ರಲ್ಲಿ ಹಾರುವ ಗುಂಡಿನ ಚಿತ್ರಗಳನ್ನು ಪ್ರಕಟಿಸಿದ ಮಾಕ್ ಮತ್ತು ಸಾಲ್ಚರ್ ಅವರದು. ೨೦೧೯ರಲ್ಲಿ ನಾಸಾ ಸಂಸ್ಥೆಯು ಶಬ್ದಾತೀತ ವೇಗದಲ್ಲಿ ಜೊತೆಗೂಡಿ ಹಾರುತ್ತಿದ್ದ ಎರಡು ವಿಮಾನಗಳ ತರಂಗಗಳು ಪರಸ್ಪರ ಬೆರೆಯುವುದನ್ನು, ಅವುಗಳ ಮೇಲೆ ಹಾರುತ್ತಿದ್ದ ಇನ್ನೊಂದು ವಿಮಾನದಿಂದ ತೆಗೆದ ಚಿತ್ರಗಳಲ್ಲಿ ತೋರಿಸಿಕೊಟ್ಟಿತು.

೬. ಉಪಸಂಹಾರ

೧೯೦೩ರಲ್ಲಿ ಒಂದು ಹಾರಾಟಕ್ಕೆ ಒಂದು ಫಲಕವಿತ್ತು. ೧೯೯೬ರಿಂದ ಬೆಂಗಳೂರಿನ ಯಲಹಂಕದಲ್ಲಿ ನಡೆದುಬಂದಿರುವ ಏರೊ ಇಂಡಿಯ ವೈಮಾನಿಕ ಪ್ರದರ್ಶನದಲ್ಲಿ ‘ಸಾರಂಗ್’ ತಂಡದ ಧ್ರುವ ಹೆಲಿಕಾಪ್ಟರುಗಳು ಆಕಾಶದಲ್ಲಿ ಒಂದನ್ನೊಂದು ದಾಟಿಹೋಗುವ ಹೊತ್ತಿಗೆ ಕೆಳಗೆ ನೆರೆದ ಜನರ ಕೈಯಲ್ಲಿ ಲೆಕ್ಕವಿಲ್ಲದಷ್ಟು ಕ್ಯಾಮರಾಗಳಿರುತ್ತವೆ. ಸಾಕ್ಷ್ಯದ ಬಡತನ ಹೋಗಿ ಸಾಕ್ಷ್ಯದ ಅತಿವೃಷ್ಟಿ ಬಂದಿದೆ. ಯಂತ್ರಗಳ ನೆರವಿನಿಂದ ಇಲ್ಲದ ದೃಶ್ಯವನ್ನೇ ಸೃಷ್ಟಿಸಬಹುದಾದ ಈ ಕಾಲದಲ್ಲಿ ಆರ್ಚರನ ಮಾದರಿ ವಿಮಾನಗಳ ಶ್ರಮವೂ ಬೇಕಾಗಿಲ್ಲ.

ಮೇಲಿನ ವಿವೇಚನೆಯಿಂದ ಮೂರು ಅಂಶಗಳು ತೋರಿಬರುತ್ತವೆ. ಮೊದಲನೆಯದು, ಹಾರುವ ಯಂತ್ರದ ಚಿತ್ರವನ್ನು ಪರೀಕ್ಷಿಸುವಾಗ ಯಂತ್ರಕ್ಕಿಂತ ಮೊದಲು ಅದರ ಸುತ್ತಲಿನ ಹಳಿ, ನೆಲ, ನೆರಳು, ಹಿನ್ನೆಲೆಗಳನ್ನು ನೋಡಬೇಕು. ಎರಡನೆಯದು, ಮಸುಕನ್ನು ಅಳೆಯಬೇಕು. ಎಲ್ಲಿ ಇರಬೇಕೋ ಅಲ್ಲಿ ಅದು ಇಲ್ಲದಿದ್ದರೆ, ಅಥವಾ ಇರಬಾರದ ಅಳತೆಯಲ್ಲಿ ಇದ್ದರೆ, ಕಾರಣವನ್ನು ಕೇಳಬೇಕು. ಮೂರನೆಯದು, ಚಿತ್ರದ ಜೊತೆಗೆ ಅದರ ಹುಟ್ಟಿನ ವಿವರಗಳನ್ನೂ ಉಳಿಸಬೇಕು. ಇಂದಿನ ಕ್ಯಾಮರಾಗಳು ಚಿತ್ರದ ಕಡತದಲ್ಲಿಯೇ ದಿನ, ವೇಳೆ, ಶಟರು ತೆರೆದಿದ್ದ ಕಾಲ ಇವುಗಳನ್ನು ತಾವಾಗಿಯೇ ಬರೆದಿಡುತ್ತವೆ. ಆದರೆ ಚಿತ್ರವು ಕೈಯಿಂದ ಕೈಗೆ ದಾಟುವಾಗ ಈ ವಿವರಗಳು ಅನೇಕ ವೇಳೆ ಅಳಿಸಿಹೋಗುತ್ತವೆ. ಈ ವಿವರಗಳು ಬದಲಾಯಿಸಲಾಗದವೇನೂ ಅಲ್ಲ. ಆದರೂ ಚಿತ್ರದೊಳಗಿನ ಮಸುಕಿನೊಡನೆ ಅವುಗಳನ್ನು ತಾಳೆನೋಡಲು ಸಾಧ್ಯವಿರುವವರೆಗೆ ಸಂಶೋಧಕನಿಗೆ ಒಂದು ದಾರಿಯಿರುತ್ತದೆ. ನಮ್ಮ ನಾಡಿನ ವಿಮಾನ ತಯಾರಿಕೆಯ ಮತ್ತು ಹಾರಾಟದ ಚಿತ್ರಗಳನ್ನು ಸಂಗ್ರಹಿಸುವ ಗ್ರಂಥಾಲಯಗಳೂ ವಿದ್ಯಾಸಂಸ್ಥೆಗಳೂ ಮೂಲಕಡತವನ್ನೇ ಪಡೆದು, ತೆಗೆದವರ ಹೇಳಿಕೆಯೊಡನೆ ದಾಖಲುಮಾಡಿ ಇಡುವುದು ಅವಶ್ಯಕವೆಂದು ನಾವು ಭಾವಿಸುತ್ತೇವೆ. ಡೇಟನ್ನಿನ ಪೂರದಿಂದ ಆ ಗಾಜಿನ ಫಲಕ ಪಾರಾದುದು ಅದೃಷ್ಟದಿಂದ. ಅದೃಷ್ಟವನ್ನೇ ನೆಚ್ಚಿ ಮುಂದಿನ ಚರಿತ್ರೆಯನ್ನು ಬರೆಯಲಾಗದು.